ವರವೋ ಶಾಪವೋ ಎಂದು ಕೇಳುವ ಮೊದಲು

ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಯೊಂದಕ್ಕೆ ಹೋಗಿದ್ದೆ. ವಿಷಯ: ‘ಅಣುವಿದ್ಯುತ್ ವರವೋ ಶಾಪವೋ?’ ಚೀಟಿ ಎತ್ತಿದಾಗ ನನಗೆ ‘ವರ’ ಬಂತು. ವಿಜ್ಞಾನದ ಮೇಷ್ಟ್ರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ, ಒಂದು ಹಿಡಿ ಯುರೇನಿಯಂ ಎಷ್ಟು ಲಾರಿ ಕಲ್ಲಿದ್ದಲಿಗೆ ಸಮ ಎಂದು ಕೈಯೆತ್ತಿ ಹೇಳಿದೆ. ನನ್ನ ನಂತರ ಬಂದ ಹುಡುಗಿಗೆ ‘ಶಾಪ’ ಬಂದಿತ್ತು. ಅವಳು ಹಿರೋಶಿಮಾ ಮತ್ತು ಚೆರ್ನೋಬಿಲ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮೊದಲ ಬಹುಮಾನ ತೆಗೆದುಕೊಂಡಳು. ಅವಳ ಮಾತಿನ ನಡುವೆ ಮೈಕು ನಿಂತುಹೋಯಿತು. ಹಿಂದಿನ ಸಾಲಿನಿಂದ ಯಾರೋ ‘ಕರೆಂಟು ತೆಗೆದ್ರು, ಜೋರಾಗಿ ಮಾತಾಡವ್ವಾ’ ಎಂದರು. ಕಿಟಕಿಯಾಚೆ, ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವುಗಳ ಬಗ್ಗೆ ಅಂದು ಯಾರೂ ಒಂದು ಮಾತೂ ಆಡಲಿಲ್ಲ. ಅವು ವಿಷಯದ ಚೀಟಿಯಲ್ಲಿ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಪತ್ರಿಕೆಯ ಅಂಕಣದಲ್ಲಾಗಲಿ, ಟೀವಿ ಚರ್ಚೆಯಲ್ಲಾಗಲಿ, ವಿಶ್ವವಿದ್ಯಾಲಯದ ವಿಚಾರ ಸಂಕಿರಣದಲ್ಲಾಗಲಿ ವಿದ್ಯುತ್ತಿನ ಮಾತು ಬಂದಾಗಲೆಲ್ಲ ನನಗೆ ಆ ಸಭಾಂಗಣ ನೆನಪಾಗುತ್ತದೆ. ನಮ್ಮ ಚರ್ಚೆ ಇನ್ನೂ ಚೀಟಿ ಎತ್ತಿ ಪಕ್ಷ ಹಿಡಿಯುವ ಕ್ರಮದಲ್ಲೇ ಇದೆ. ಒಬ್ಬರು ಅಣು ಎನ್ನುತ್ತಾರೆ. ಇನ್ನೊಬ್ಬರು ಗಾಳಿ, ಬಿಸಿಲು ಎನ್ನುತ್ತಾರೆ. ಮೂರನೆಯವರು ಇವೆಲ್ಲ ಆಗುವವರೆಗೆ ಕಲ್ಲಿದ್ದಲು ಬಿಟ್ಟರೆ ಗತಿಯಿಲ್ಲ ಎನ್ನುತ್ತಾರೆ. ಜರ್ಮನಿ 2023ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಮೂರು ಅಣುಸ್ಥಾವರಗಳನ್ನು ಮುಚ್ಚಿದ್ದು ಒಬ್ಬರಿಗೆ ಸಾಕ್ಷಿ. ಫ್ರಾನ್ಸ್ ತನ್ನ ವಿದ್ಯುತ್ತಿನ ಸುಮಾರು ಮೂರನೇ ಎರಡು ಭಾಗವನ್ನು ಅಣುವಿನಿಂದಲೇ ಪಡೆಯುವುದು ಇನ್ನೊಬ್ಬರಿಗೆ ಸಾಕ್ಷಿ. ಸಾಕ್ಷಿಗಳು ದೂರದಿಂದ ಬರುತ್ತವೆ, ತೀರ್ಪು ಮಾತ್ರ ನಮ್ಮೂರಿನ ಮೇಲೆ ಜಾರಿಯಾಗುತ್ತದೆ.

ನಾನು ಎಂಜಿನಿಯರ್ ಅಲ್ಲ, ಸಾಹಿತ್ಯದ ವಿದ್ಯಾರ್ಥಿ. ಹಾಗಾಗಿ ಯಾವ ಇಂಧನ ಒಳ್ಳೆಯದು ಎಂಬ ಪ್ರಶ್ನೆಗಿಂತ, ಆ ಪ್ರಶ್ನೆಯನ್ನು ನಾವು ಎಂಥ ಕನ್ನಡದಲ್ಲಿ ಕೇಳುತ್ತಿದ್ದೇವೆ ಎಂಬುದು ನನಗೆ ಕಾಡುತ್ತದೆ. ‘ವರವೋ ಶಾಪವೋ’ ಎಂಬ ಜೋಡಿ ನಮಗೆ ಪುರಾಣದಿಂದ ಬಂದದ್ದು. ಆದರೆ ಪುರಾಣದಲ್ಲಿ ವರವಾಗಲಿ ಶಾಪವಾಗಲಿ ಒಂದು ವಸ್ತುವಿನ ಗುಣವಲ್ಲ, ಅದು ಇಬ್ಬರ ನಡುವೆ ನಡೆಯುವ ವ್ಯವಹಾರ. ಕೊಟ್ಟವರೊಬ್ಬರು, ಪಡೆದವರೊಬ್ಬರು ಇರುತ್ತಾರೆ. ವರಕ್ಕೆ ಷರತ್ತು ಇರುತ್ತದೆ, ಶಾಪಕ್ಕೆ ವಿಮೋಚನೆಯ ಗಡುವು ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರು ಪಡೆದ ವರ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ. ದಶರಥ ವರ ಕೊಟ್ಟದ್ದು ಕೈಕೇಯಿಗೆ, ಕಾಡಿಗೆ ಹೋದವನು ರಾಮ. ಅಲ್ಲಿ ‘ವರವೋ ಶಾಪವೋ’ ಎಂದು ಕೇಳಿದರೆ ಉತ್ತರಕ್ಕಿಂತ ಮೊದಲು ‘ಯಾರಿಗೆ?’ ಎಂಬ ಮರುಪ್ರಶ್ನೆ ಬರುತ್ತದೆ. ನಾವು ಪುರಾಣದಿಂದ ಎರಡು ನಾಮಪದಗಳನ್ನು ಎತ್ತಿಕೊಂಡು ಅವುಗಳ ವ್ಯಾಕರಣವನ್ನು ಅಲ್ಲೇ ಬಿಟ್ಟು ಬಂದಿದ್ದೇವೆ. ಯಾರಿಗೆ, ಎಲ್ಲಿ, ಯಾವ ಹೊತ್ತಿಗೆ, ಎಲ್ಲಿಯವರೆಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಬಿಟ್ಟು ‘ಯಾವುದು’ ಎಂಬ ಒಂದನ್ನೇ ಕೇಳುತ್ತಾ ಬಂದಿದ್ದೇವೆ. ಬಿಟ್ಟುಬಂದ ಆ ನಾಲ್ಕರ ಕಡೆಯಿಂದ ಈ ಚರ್ಚೆಯನ್ನು ಒಮ್ಮೆ ಓದಿ ನೋಡೋಣ.

*

ಯಾರಿಗೆ ಎಂಬುದು ಹೊಸ ಪ್ರಶ್ನೆಯಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ಹುಟ್ಟಿತು. ಅದನ್ನು ಮೈಸೂರು ಸಂಸ್ಥಾನದ ಹೆಮ್ಮೆಯಾಗಿ ಶಾಲೆಯಲ್ಲಿ ಓದಿದ್ದೇವೆ, ಹೆಮ್ಮೆ ಸರಿಯೂ ಹೌದು. ಆದರೆ ಆ ಕರೆಂಟು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿ ಬೆಳಗಿದ್ದು 1905ರಲ್ಲಿ. ತಂತಿ ಹಾದುಹೋದ ದಾರಿಯ ಹಳ್ಳಿಗಳ ಸರದಿ ಬಂದದ್ದು ಎಷ್ಟೋ ದಶಕಗಳ ಮೇಲೆ. ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದರೆ ಗಣಿಗೆ ಕರೆಂಟು ತಪ್ಪುತ್ತದೆ ಎಂಬುದು ಆಗಿನ ಚಿಂತೆ. ನೀರನ್ನು ಕೂಡಿಡಬೇಕು ಎಂಬ ಆ ಅಗತ್ಯವೂ ಕೃಷ್ಣರಾಜಸಾಗರ ಕಟ್ಟಲು ಒಂದು ಕಾರಣವಾಯಿತು. ಹಳೆಯ ಕನ್ನಂಬಾಡಿ ನೀರಿನಡಿ ಹೋಯಿತು. ‘ಗಾಳಿ, ಬಿಸಿಲು ನಂಬಿಕೆಗೆ ಅರ್ಹವಲ್ಲ, ಬೇಕಾದಾಗ ಸಿಗುವುದಿಲ್ಲ’ ಎಂದು ಈಗ ಹೊಸ ಸಮಸ್ಯೆಯೆಂಬಂತೆ ಮಾತಾಡುತ್ತೇವೆ. ಹೊಳೆಯೂ ಬೇಕಾದಾಗ ಸಿಗುತ್ತಿರಲಿಲ್ಲ. ಸಿಗುವಂತೆ ಮಾಡಿಕೊಂಡೆವು, ಅದರ ಬೆಲೆಯನ್ನು ಬೇರೆಯವರು ಕೊಟ್ಟರು.

ಶರಾವತಿಯದೂ ಇದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕೆಳಗಿನ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ನಾಡಿಗೆ ಬೆಳಕು ಕೊಟ್ಟ ನದಿ ಎಂದು ಅದನ್ನು ಹಾಡಿ ಹೊಗಳಿದ್ದೇವೆ. ಮುಳುಗಡೆಯಿಂದ ಎದ್ದುಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿ ಅರವತ್ತು ವರ್ಷವಾದರೂ ತಾವು ಕೂತ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಲೇ ಇದ್ದಾರೆ. ಇದನ್ನು ಕನ್ನಡಕ್ಕೆ ತಿಳಿಸಿದವರು ಎಂಜಿನಿಯರುಗಳಲ್ಲ, ಅರ್ಥಶಾಸ್ತ್ರಜ್ಞರಲ್ಲ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು ಈ ಎಲ್ಲವನ್ನೂ ಹತ್ತಿರದಿಂದ ಕಂಡ ನಾ. ಡಿಸೋಜ ಅವರು ‘ಮುಳುಗಡೆ’ ಮತ್ತು ‘ದ್ವೀಪ’ ಬರೆದರು. ಗಿರೀಶ ಕಾಸರವಳ್ಳಿ 2002ರಲ್ಲಿ ‘ದ್ವೀಪ’ವನ್ನು ಸಿನಿಮಾ ಮಾಡಿದರು. ಜಲವಿದ್ಯುತ್ ಸ್ವಚ್ಛವೋ ಕೊಳಕೋ ಎಂಬುದನ್ನು ಬದಿಗಿಟ್ಟು, ಬೆಳಕಿನ ಹೆಸರಿನಲ್ಲಿ ಮನೆ ಬಿಟ್ಟವರು ಯಾರು ಎಂದು ಕೇಳಿದ್ದು ಈ ಕೃತಿಗಳ ಸಾಧನೆ. ಚರ್ಚಾಸ್ಪರ್ಧೆಯ ಕನ್ನಡಕ್ಕೆ ಹೊಳೆಯದ ‘ಯಾರಿಗೆ’ ಎಂಬ ಪ್ರಶ್ನೆ ಕಥೆಯ ಕನ್ನಡಕ್ಕೆ ಸಹಜವಾಗಿ ಬಂದಿತ್ತು.

*

ಆದರೆ ನಮ್ಮ ಸಾಹಿತ್ಯವೂ ‘ಎಲ್ಲಿ’ ಎಂಬ ಪ್ರಶ್ನೆಯನ್ನು ಎಲ್ಲ ಕಡೆಯೂ ಸಮನಾಗಿ ಕೇಳಿಲ್ಲ. ಇದನ್ನು ಹೇಳುವಾಗ ಸ್ವಲ್ಪ ಅಳುಕುತ್ತೇನೆ, ಯಾಕೆಂದರೆ ಇಲ್ಲಿ ಹೆಸರಿಸಬೇಕಾದವರು ದೊಡ್ಡವರು.

ಶಿವರಾಮ ಕಾರಂತರು ಹುಟ್ಟಿದ್ದು ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದ ವರ್ಷವೇ. 1989ರಲ್ಲಿ, 87ನೇ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು, ಸೋತರು. ಒಬ್ಬ ಕಾದಂಬರಿಕಾರ ವಿದ್ಯುತ್ ನೀತಿಯನ್ನು ಚುನಾವಣೆಯ ವಿಷಯ ಮಾಡಿದ್ದು ನಮ್ಮಲ್ಲಿ ಅದಕ್ಕೆ ಮೊದಲೂ ಇಲ್ಲ, ನಂತರವೂ ಇಲ್ಲ. ಅಣುವಿಜ್ಞಾನದಂಥ ವಿಷಯದಲ್ಲಿ ಸಾಮಾನ್ಯರಿಗೆ ಮಾತಾಡುವ ಹಕ್ಕಿಲ್ಲ ಎಂಬ ಧೋರಣೆಯನ್ನು ಅದು ಮುರಿಯಿತು. ಕೈಗಾದ ಮುಂದಿನ ಚರಿತ್ರೆ ಎರಡೂ ಪಕ್ಷಕ್ಕೆ ಬೇಕಾದಷ್ಟು ಸಾಮಗ್ರಿ ಕೊಟ್ಟಿದೆ. 1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು 50ಕ್ಕೂ ಹೆಚ್ಚು ಕೆಲಸಗಾರರ ದೇಹ ಸೇರಿತು. ಅದೇ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ವಿರೋಧಿಸುವವರು ಮೊದಲ ಎರಡನ್ನು ಹೇಳುತ್ತಾರೆ, ಬೆಂಬಲಿಸುವವರು ಮೂರನೆಯದನ್ನು. ಮೂರೂ ಒಂದೇ ಸ್ಥಾವರದ ಸತ್ಯಗಳು.

ಕೈಗಾದ ಹೋರಾಟ ಕಾವೇರುತ್ತಿದ್ದ ಕಾಲದಲ್ಲೇ ರಾಜ್ಯದ ಇನ್ನೊಂದು ತುದಿಯಲ್ಲಿ ಏನಾಗುತ್ತಿತ್ತು? ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಗಿತ್ತು. ಒಂದರ ಮೇಲೊಂದು ಸೇರಿ ಎಂಟು ಘಟಕಗಳಾದವು, 1,720 ಮೆಗಾವ್ಯಾಟ್. ಆಮೇಲೆ ಬಳ್ಳಾರಿಯ ಕುಡಿತಿನಿಯಲ್ಲಿ 1,700, ಯರಮರಸ್‌ನಲ್ಲಿ 1,600, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಬಂದವು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಇಲ್ಲ, ರೈಲಿನಲ್ಲಿ ಬರುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೂದಿಯೇ. ಕರೆಂಟು ತಂತಿ ಹಿಡಿದು ಊರೂರಿಗೆ ಹೋಗುತ್ತದೆ, ಬೂದಿ ಅಲ್ಲೇ ಉಳಿಯುತ್ತದೆ. 2014ರ ಜುಲೈನಲ್ಲಿ ಕೂಡಗಿಯಲ್ಲಿ ಪ್ರತಿಭಟಿಸಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಷ್ಟಾದರೂ ಮಲೆನಾಡಿನ ಮುಳುಗಡೆಗೆ ಇರುವಂಥ ಹೆಸರಾದ ಕಾದಂಬರಿ ಶಕ್ತಿನಗರದ ಹಾರುಬೂದಿಗೆ ಇಲ್ಲ. ಕೈಗಾಕ್ಕೆ ಬಂದಂಥ ಸಾಹಿತಿಗಳ ದಂಡು ಕೂಡಗಿಗೆ ಬರಲಿಲ್ಲ.

ಪ್ರತಿ ಯೂನಿಟ್ ವಿದ್ಯುತ್ತಿಗೆ ಎಷ್ಟು ಜನ ಸಾಯುತ್ತಾರೆ ಎಂದು ಲೆಕ್ಕ ಹಾಕಿದವರೆಲ್ಲ ಹೇಳುವುದು ಒಂದೇ: ಕಲ್ಲಿದ್ದಲಿನ ಹೊಗೆ ಕೊಲ್ಲುವಷ್ಟನ್ನು ಅಣುವಾಗಲಿ ಗಾಳಿಯಾಗಲಿ ಕೊಲ್ಲುವುದಿಲ್ಲ, ಹತ್ತಿರಕ್ಕೂ ಬರುವುದಿಲ್ಲ. ಚೆರ್ನೋಬಿಲ್ ಸೇರಿಸಿಕೊಂಡರೂ ಹಾಗೆಯೇ. ಆದರೆ ಕಲ್ಲಿದ್ದಲಿನ ಸಾವಿಗೆ ತಾರೀಖು ಇಲ್ಲ. ಅದು ಕೆಮ್ಮಿನ, ಉಬ್ಬಸದ, ಎದೆನೋವಿನ ರೂಪದಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ‘ಚೆರ್ನೋಬಿಲ್’ ಎಂದು ಹೇಳಿ ಬಹುಮಾನ ಗೆಲ್ಲಬಹುದು. ‘ಉಬ್ಬಸ’ ಎಂದು ಹೇಳಿ ಯಾರೂ ಗೆದ್ದದ್ದು ನಾನು ಕಂಡಿಲ್ಲ.

ಇಲ್ಲಿ ನನಗೆ ಕಾಣುವುದು ಇಂಧನದ ಭೇದಕ್ಕಿಂತ ಭೂಮಿಯ ಭೇದ. ಹಸಿರು ಕಂಡ ಕಡೆ ನಮಗೆ ನಷ್ಟ ಕಾಣುತ್ತದೆ. ಬಯಲು ಕಂಡರೆ ‘ಬರಡು’ ಎನ್ನುತ್ತೇವೆ. ಬರಡು ಎಂದರೆ ಕಳೆದುಕೊಳ್ಳಲು ಏನೂ ಇಲ್ಲದ ಜಾಗ. ಸರ್ಕಾರದ ಕಡತದಲ್ಲಿ ಇದಕ್ಕೆ ‘ಬಂಜರು’, ‘ಪಾಳು’, ‘ಖರಾಬು’ ಎಂಬ ಹೆಸರುಗಳಿವೆ. ದೇಶದ ಬಂಜರುಭೂಮಿಯ ಅಧಿಕೃತ ನಕಾಶೆಗಳಲ್ಲಿ ಕುರುಚಲು ಕಾಡು, ಹುಲ್ಲುಗಾವಲುಗಳೂ ಸೇರುತ್ತವೆ. ಅದೇ ಜಾಗವನ್ನು ಊರಿನವರು ಗೋಮಾಳ, ಹುಲ್ಲುಬನ್ನಿ, ಕಾವಲು ಎಂದು ಕರೆಯುತ್ತಾರೆ. ಈ ಹೆಸರುಗಳಲ್ಲಿ ಅಲ್ಲಿ ಮೇಯುವ ದನವಿದೆ, ಕುರಿಯಿದೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆಯನ್ನು ಭಾಭಾ ಅಣು ಸಂಶೋಧನಾ ಕೇಂದ್ರ, ಡಿಆರ್‌ಡಿಒ, ಇಸ್ರೋ, ಐಐಎಸ್‌ಸಿ ಮುಂತಾದವುಗಳಿಗೆ ಕೊಟ್ಟಾಗ ಕುರಿಗಾಹಿಗಳು, ಕಂಬಳಿ ನೇಯುವವರು ಕೇಳಿದ್ದು ಇದನ್ನೇ: ಖಾಲಿ ಎಂದು ಹೇಳಿದವರು ಯಾರು?

ಗಾಳಿಯಂತ್ರಗಳೂ ಇದೇ ‘ಖಾಲಿ’ ಜಾಗದಲ್ಲಿ ಬಂದಿವೆ. ಚಿತ್ರದುರ್ಗ, ಗದಗ, ದಾವಣಗೆರೆ, ಬಳ್ಳಾರಿ, ಕೊಪ್ಪಳ, ವಿಜಯಪುರ. ಕರ್ನಾಟಕದ ಪವನ ವಿದ್ಯುತ್ ಸಾಮರ್ಥ್ಯ ಈಗ 7,000 ಮೆಗಾವ್ಯಾಟ್ ದಾಟಿದೆ. ಗಾಳಿ ಹೊಗೆಯುಗುಳುವುದಿಲ್ಲ, ವಿಕಿರಣ ಸೂಸುವುದಿಲ್ಲ, ಹಾಗಾಗಿ ಪರಿಸರ ಪ್ರಿಯರಿಗೆ ಅದರ ಬಗ್ಗೆ ಕೇಳಲು ಏನೂ ಉಳಿದಿಲ್ಲ ಎನಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಹಾರಾಷ್ಟ್ರದ ಸತಾರಾ ಜಿಲ್ಲೆಯ ಚಾಳ್ಕೆವಾಡಿ ಪ್ರಸ್ಥಭೂಮಿಯಲ್ಲಿ ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಗಾಳಿಯಂತ್ರ ಇರುವ ಕಡೆ ಬೇಟೆಯಾಡುವ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ, ಅವುಗಳ ಬಾಯಿಗೆ ಸಿಗಬೇಕಿದ್ದ ಓತಿಕ್ಯಾತಗಳು ಹೆಚ್ಚು ಎಂದು ಅದು ಹೇಳಿತು. ಇದರಿಂದ ಗಾಳಿಯಂತ್ರ ಬೇಡ ಎಂದು ಸಿದ್ಧವಾಗುವುದಿಲ್ಲ. ಆದರೆ ಬಯಲು ಖಾಲಿ ಇರಲಿಲ್ಲ ಎಂದು ಸಿದ್ಧವಾಗುತ್ತದೆ.

ಈಗ ಅಣುವೂ ಬಯಲಿಗೆ ಹೊರಟಿದೆ. 2047ರ ಹೊತ್ತಿಗೆ ದೇಶದಲ್ಲಿ 100 ಗಿಗಾವ್ಯಾಟ್ ಅಣುವಿದ್ಯುತ್ ಎಂದು 2025ರ ಕೇಂದ್ರ ಬಜೆಟ್ ಘೋಷಿಸಿತು. ಆ ವರ್ಷವೇ ಹೊಸ ಅಣುಸ್ಥಾವರಕ್ಕೆ ಜಾಗ ನೋಡುವ ಸುದ್ದಿಯಲ್ಲಿ ಕೇಳಿಬಂದ ಹೆಸರುಗಳು ಕೊಪ್ಪಳ, ರಾಯಚೂರು, ವಿಜಯಪುರ. ಬೂದಿ ಹೊತ್ತ ಜಿಲ್ಲೆಗಳೇ ಮತ್ತೆ. ಪಶ್ಚಿಮಘಟ್ಟಕ್ಕಾಗಿ ನಾವು ಕಲಿತ ಭಾಷೆ ಇಲ್ಲಿ ಕೆಲಸಕ್ಕೆ ಬರುತ್ತದೆಯೇ ಎಂಬುದು ಇನ್ನು ಗೊತ್ತಾಗಬೇಕು.

*

ಮೂರನೆಯದು ಹೊತ್ತಿನ ಪ್ರಶ್ನೆ. ಇಲ್ಲಿ ನಮ್ಮನ್ನು ದಾರಿ ತಪ್ಪಿಸುವ ಪದ ‘ಮೆಗಾವ್ಯಾಟ್’. ನಾನೂ ಮೇಲಿನ ಪುಟದ ತುಂಬ ಅದನ್ನೇ ಬಳಸಿದ್ದೇನೆ. ಮೆಗಾವ್ಯಾಟ್ ಹೇಳುವುದು ಸಾಮರ್ಥ್ಯವನ್ನು, ಅಂದರೆ ಯಂತ್ರ ಪೂರ್ತಿ ನಡೆದರೆ ಎಷ್ಟು ಎಂಬುದನ್ನು. ಯಾವಾಗ ನಡೆಯುತ್ತದೆ ಎಂದು ಅದು ಹೇಳುವುದಿಲ್ಲ. ಕೈಗಾದಂಥ ಅಣುಸ್ಥಾವರದ ಘಟಕ ಚೆನ್ನಾಗಿ ನಡೆದರೆ ವರ್ಷದ ಬಹುಪಾಲು ಹೊತ್ತು ಪೂರ್ತಿ ಸಾಮರ್ಥ್ಯದಲ್ಲಿರುತ್ತದೆ. ನಮ್ಮ ಗಾಳಿಯಂತ್ರಗಳು ವರ್ಷದ ಸರಾಸರಿಯಲ್ಲಿ ಕೊಡುವುದು ಸಾಮರ್ಥ್ಯದ ಕಾಲುಭಾಗದಷ್ಟು. ಆ ಸರಾಸರಿಯೂ ಮೋಸದ್ದೇ. ಗಾಳಿ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಂಗಾರಿನ ಜೊತೆ. ಕರ್ನಾಟಕದಲ್ಲಿ ವಿದ್ಯುತ್ ಬೇಡಿಕೆ ನೆತ್ತಿಗೇರುವುದು ಅದಕ್ಕೆ ಮೊದಲು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಪಂಪ್‌ಸೆಟ್ಟು ಮತ್ತು ಫ್ಯಾನು ಎರಡೂ ಒಟ್ಟಿಗೆ ತಿರುಗುವಾಗ. ಹಾಗಾಗಿ ಗಾಳಿಯ ಪರವಾದವರು 7,000 ಎಂದಾಗ, ಅಣುವಿನ ಪರವಾದವರು 880 ಎಂದಾಗ ಅವರು ಒಂದೇ ಅಳತೆಗೋಲಿನಲ್ಲಿ ಮಾತಾಡುತ್ತಿಲ್ಲ.

ನಮ್ಮ ಹಳ್ಳಿಗಾಡಿನ ಮಾತಿಗೆ ಈ ಗೊಂದಲವೇ ಇಲ್ಲ. ಅಲ್ಲಿ ಕರೆಂಟು ಅಂದರೆ ಅಳತೆಗಿಂತ ಮೊದಲು ಹೊತ್ತು. ‘ಕರೆಂಟು ಎಷ್ಟೊತ್ತಿಗೆ?’ ‘ತ್ರೀಫೇಸ್ ರಾತ್ರಿ ಪಾಳಿ.’ ಕರೆಂಟು ಬರುತ್ತದೆ, ಹೋಗುತ್ತದೆ, ಕೆಲವೊಮ್ಮೆ ಅದನ್ನು ‘ಕೊಡುತ್ತಾರೆ’, ‘ತೆಗೆಯುತ್ತಾರೆ’. ‘ಕರೆಂಟು ತೆಗೆದ್ರು’ ಎಂಬ ಮಾತಿನಲ್ಲಿ ಹೆಸರಿಲ್ಲದಿದ್ದರೂ ಒಬ್ಬ ಕರ್ತೃ ಇದ್ದಾನೆ. ಎಲ್ಲೋ ಕೂತ ಯಾರೋ ಒಬ್ಬರು ನಮ್ಮ ಸರದಿಯನ್ನು ತೀರ್ಮಾನಿಸಿದರು ಎಂಬ ಅರಿವಿದೆ. ಅದನ್ನೇ ಮರುದಿನ ಪತ್ರಿಕೆ ‘ವಿದ್ಯುತ್ ವ್ಯತ್ಯಯ’ ಎನ್ನುತ್ತದೆ. ವ್ಯತ್ಯಯಕ್ಕೆ ಕರ್ತೃವಿಲ್ಲ, ಅದು ಮಳೆಯ ಹಾಗೆ ತಾನಾಗಿ ಆಗುತ್ತದೆ. ಚರ್ಚಾಸ್ಪರ್ಧೆಯಲ್ಲಿ ನಾವಿಬ್ಬರೂ ಪತ್ರಿಕೆಯ ಕನ್ನಡದಲ್ಲಿ ಮಾತಾಡಿದೆವು. ವಿಷಯಕ್ಕೆ ಹತ್ತಿರವಾದ ವಾಕ್ಯ ಹೇಳಿದ್ದು ಹಿಂದಿನ ಸಾಲಿನಲ್ಲಿ ಕೂತವರು.

ಈ ಹೊತ್ತಿನ ಪ್ರಶ್ನೆ ನಮ್ಮ ಮನೆಯದೂ ಹೌದು. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಕರೆಂಟು ಉಚಿತ. ಆದರೆ ದಿನಕ್ಕೆ ಏಳು ಗಂಟೆ ಎಂಬುದು ಸರ್ಕಾರದ ಮಾತು, ಅದರಲ್ಲೂ ಪಾಲು ಹಗಲಿಗೆ, ಪಾಲು ರಾತ್ರಿಗೆ. 2023ರ ಬರದಲ್ಲಿ ಅದೂ ಕಡಿತವಾಗಿ ರೈತರು ಬೀದಿಗಿಳಿದರು. ನನ್ನ ದೊಡ್ಡಪ್ಪ ಚಳಿಗಾಲದಲ್ಲೂ ರಾತ್ರಿ ಒಂದಕ್ಕೆ ಎದ್ದು ಟಾರ್ಚು, ಕೋಲು ಹಿಡಿದು ಹೊಲಕ್ಕೆ ಹೋಗುತ್ತಾರೆ. ಹಾವಿಗೆ ಹೆದರಿ ಕಾಲು ಬಡಿಯುತ್ತಾ ನಡೆಯುತ್ತಾರೆ. ಅವರ ಹೊಲದಿಂದ ನೋಡಿದರೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳು ಕಾಣುತ್ತವೆ. ಉಚಿತ ಎಂಬುದು ವರವೇ ಸರಿ, ಆದರೆ ರಾತ್ರಿ ಒಂದು ಗಂಟೆ ಎಂಬುದು ಅದರ ಷರತ್ತು. ಬೆಲೆ ಸೊನ್ನೆಯಾದ ಮೇಲೆ ಹೊತ್ತಿನ ಬಗ್ಗೆ ತಕರಾರು ಎತ್ತುವ ಹಕ್ಕೂ ಸೊನ್ನೆಯಾದಂತೆ ನಡೆಸಿಕೊಳ್ಳುತ್ತಾರೆ.

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಇದೆ. ಈಗ ಅದನ್ನು ಸಮಯಸಾಧಕರಿಗೆ ಅನ್ವಯಿಸುತ್ತೇವೆ. ಮೂಲದಲ್ಲಿ ಅದು ಕಣದ ಮಾತು. ಗಾಳಿ ಬೇಕಾದಾಗ ಬರುವುದಿಲ್ಲ, ಆದ್ದರಿಂದ ಬಂದಾಗ ನೀನು ಮೊರ ಹಿಡಿದು ತಯಾರಿರು ಎಂಬ ಕೆಲಸದ ತಿಳಿವಳಿಕೆ. ಶಕ್ತಿ ಇರುವ ಹೊತ್ತಿಗೆ ಕೆಲಸವನ್ನು ಹೊಂದಿಸಿಕೊಳ್ಳುವ ಈ ತಿಳಿವಳಿಕೆಯನ್ನು ಇಂದಿನ ಎಂಜಿನಿಯರುಗಳು ಬೇರೆ ಪದಗಳಲ್ಲಿ ಹೇಳುತ್ತಿದ್ದಾರೆ. ಬಿಸಿಲಿರುವಾಗ ಪಂಪು ನಡೆಯಲಿ ಎಂದು ಪಂಪ್‌ಸೆಟ್ ಫೀಡರುಗಳಿಗೆ ಹಗಲಲ್ಲೇ ಸೌರವಿದ್ಯುತ್ ಕೊಡುವ ಕುಸುಮ್ ಯೋಜನೆಯ ಹಿಂದಿನ ತರ್ಕವೂ ಇದೇ. ಆದರೆ ಈ ಹೊಂದಾಣಿಕೆಯನ್ನು ಯಾರು ಮಾಡಿಕೊಳ್ಳಬೇಕು? ಇಷ್ಟು ದಿನ ಹೊಲಕ್ಕೆ ಹೋಗುವವರು ಮಾತ್ರ ತಮ್ಮ ನಿದ್ದೆಯನ್ನು ಗ್ರಿಡ್‌ಗೆ ಹೊಂದಿಸಿಕೊಂಡಿದ್ದಾರೆ. ನಗರದ ಮಾಲ್, ಕಚೇರಿ, ಡೇಟಾ ಸೆಂಟರ್‌ಗಳಿಗೆ ಹೊತ್ತಿನ ಪ್ರಶ್ನೆ ಕೇಳಿದವರಿಲ್ಲ.

*

ನಾಲ್ಕನೆಯದು, ಎಲ್ಲಿಯವರೆಗೆ. ಇದನ್ನು ನಾವು ಅಣುವಿಗೆ ಮಾತ್ರ ಕೇಳುತ್ತೇವೆ, ಕೇಳಬೇಕಾದದ್ದೇ. ಉರಿದ ಅಣು ಇಂಧನದಲ್ಲಿರುವ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು ಸುಮಾರು 24,000 ವರ್ಷ ಬೇಕು. ಕನ್ನಡದ ಮೊದಲ ಶಾಸನಕ್ಕೆ ಎರಡು ಸಾವಿರ ವರ್ಷವೂ ಆಗಿಲ್ಲ. ಆ ಗೋದಾಮಿನ ಬಾಗಿಲ ಮೇಲೆ ‘ಮುಟ್ಟಬೇಡಿ’ ಎಂದು ಯಾವ ಭಾಷೆಯಲ್ಲಿ ಬರೆಯುವುದು ಎಂಬುದು ನಗುವ ಮಾತಲ್ಲ.

ಆದರೆ ಕಲ್ಲಿದ್ದಲಿಗೂ ಇದೇ ಪ್ರಶ್ನೆ ಕೇಳಬೇಕಿತ್ತು. ಒಂದು ಯೂನಿಟ್ ಕಲ್ಲಿದ್ದಲಿನ ಕರೆಂಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಅದರ ಒಂದು ಪಾಲು ಸಾವಿರಾರು ವರ್ಷ ಅಲ್ಲೇ ಇರುತ್ತದೆ. ಅಣುತ್ಯಾಜ್ಯಕ್ಕೆ ಗೋದಾಮಾದರೂ ಬೇಕು, ಈ ತ್ಯಾಜ್ಯವನ್ನು ಎಲ್ಲರ ತಲೆಯ ಮೇಲೆ ಬಿಟ್ಟಿದ್ದೇವೆ. ಕಾಣುವ ಕಸಕ್ಕೆ ಗಡುವು ಕೇಳಿ, ಕಾಣದ ಕಸಕ್ಕೆ ಕೇಳದಿರುವುದು ಎಚ್ಚರವಲ್ಲ, ಬರೀ ಅಭ್ಯಾಸ. ಗಾಳಿ, ಬಿಸಿಲಿನ ಗಡುವು ಸಾವಿರ ವರ್ಷದ್ದಲ್ಲ, ಒಂದು ತಲೆಮಾರಿನದು. ಪಾವಗಡದ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗೇಣಿಗೆ ಪಡೆದರು, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಭೂಮಿ ಕಿತ್ತುಕೊಳ್ಳದ ಈ ಮಾದರಿ ಕೂಡಗಿಯ ಪಕ್ಕದಲ್ಲಿಟ್ಟು ನೋಡಿದರೆ ನಿಜಕ್ಕೂ ಮುಂದಿನ ಹೆಜ್ಜೆ. ಆದರೆ ಗೇಣಿ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದವರಿಗೆ, ಕೊಯ್ಲಾದ ಮೇಲೆ ಕುರಿ ಮೇಯಿಸುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ. ಗೇಣಿ ಮುಗಿದ ದಿನ ಆ ನೆಲದಲ್ಲಿ ಮತ್ತೆ ಶೇಂಗಾ ಬಿತ್ತಲು ತಿಳಿದವರು ಊರಿನಲ್ಲಿ ಉಳಿದಿರುತ್ತಾರೆಯೇ ಎಂಬುದೂ ‘ಎಲ್ಲಿಯವರೆಗೆ’ ಪ್ರಶ್ನೆಯ ಒಂದು ಭಾಗ.

*

ಈ ನಾಲ್ಕೂ ಪ್ರಶ್ನೆಗಳು ಈಗ ಒಂದೇ ಜಾಗದಲ್ಲಿ ಬಂದು ಕೂತಿವೆ, ಅದೂ ಶರಾವತಿಯಲ್ಲೇ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಕರೆಂಟು ಹೆಚ್ಚಾಗಿರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದ ಹೊತ್ತಿನಲ್ಲಿ ಮತ್ತೆ ಇಳಿಸುವುದು. ಎತ್ತಲು ಬೇಕಾಗುವ ಕರೆಂಟು ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಹಾಗಾಗಿ ಇದು ಕರೆಂಟು ಹುಟ್ಟಿಸುವ ಯೋಜನೆಯಲ್ಲ, ಹೊತ್ತನ್ನು ಕೂಡಿಡುವ ಯೋಜನೆ. ವಿರೋಧಿಸುವವರು ‘ಕೊಡುವುದಕ್ಕಿಂತ ಹೆಚ್ಚು ತಿನ್ನುವ ಯೋಜನೆ’ ಎಂದು ಅಣಕಿಸುತ್ತಾರೆ. ಆ ಅಣಕ ಸರಿಯಲ್ಲ, ಯಾವ ಬ್ಯಾಟರಿಯೂ ಹಾಗೆಯೇ. ಸಮರ್ಥಿಸುವವರು ‘ಹಸಿರು ಇಂಧನಕ್ಕಾಗಿ’ ಎನ್ನುತ್ತಾರೆ. ಅದೂ ಸಾಲದು, ಯಾಕೆಂದರೆ ಇದು ಬರುತ್ತಿರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ, ಮೊದಲ ಯೋಜನೆಯ ಗಾಯ ಇನ್ನೂ ಮಾಯದ ಕಣಿವೆಯಲ್ಲಿ. ಬಯಲಿನ ಗಾಳಿ, ಬಿಸಿಲನ್ನು ನಗರದ ಸಂಜೆಗೆ ಹೊಂದಿಸಲು ಮಲೆನಾಡಿನ ಕಣಿವೆ ಬೇಕಾಗಿದೆ. ನೂರು ವರ್ಷದ ಹಿಂದೆ ಗಣಿಗೆ ಕರೆಂಟು ತಪ್ಪಬಾರದೆಂದು ಕನ್ನಂಬಾಡಿ ಬೇಕಾಗಿತ್ತು.

ಹಾಗಾದರೆ ನಿನ್ನ ನಿಲುವೇನು ಎಂದು ಓದುಗರು ಕೇಳಬಹುದು. ಎಲ್ಲರನ್ನೂ ಪ್ರಶ್ನಿಸಿ ತಾನು ಎಲ್ಲೂ ನಿಲ್ಲದಿರುವುದು ಸಂಶೋಧನಾ ವಿದ್ಯಾರ್ಥಿಗಳ ಹಳೆಯ ಜಾಣತನ. ಮೊದಲು ಇಳಿಯಬೇಕಾದ್ದು ಕಲ್ಲಿದ್ದಲು, ಅದರಲ್ಲಿ ನನಗೆ ಅನುಮಾನವಿಲ್ಲ. ನಡೆಯುತ್ತಿರುವ ಕೈಗಾವನ್ನು ಭಯದಿಂದ ಮುಚ್ಚಿ ಆ ಜಾಗದಲ್ಲಿ ಕಲ್ಲಿದ್ದಲು ಸುಡುವುದು ತಪ್ಪು. ಆದರೆ ಹೊಸ ಅಣುಸ್ಥಾವರವನ್ನು ಕೊಪ್ಪಳದಂಥ ಕಡೆ ತರುವವರು, ಅಲ್ಲಿನ ನೀರು ಯಾರದು, ಅವಘಡವಾದರೆ ಹೊಣೆ ಯಾರದು ಎಂಬುದನ್ನು ಕನ್ನಡದಲ್ಲಿ, ಊರಿನ ಮುಂದೆ ಹೇಳಬೇಕು. ಗಾಳಿ ಬೇಕು. ಆದರೆ ‘ಬರಡು’ ಎಂಬ ಪದವನ್ನು ಬಿಟ್ಟು, ಗೋಮಾಳದವರನ್ನೂ ಪಾಲುದಾರರೆಂದು ಎಣಿಸಿ ಬರಬೇಕು. ಮತ್ತು ಹೊಸ ಕಣಿವೆಯೊಂದನ್ನು ಕೇಳುವ ಮೊದಲು ನಗರ ತನ್ನ ಸಂಜೆಯ ಹೊತ್ತನ್ನು ಎಷ್ಟು ಸರಿಹೊಂದಿಸಿಕೊಳ್ಳಬಲ್ಲದು ಎಂಬ ಲೆಕ್ಕ ಮೇಜಿನ ಮೇಲೆ ಬರಬೇಕು. ಇವು ಇಂಧನದ ಹೆಸರು ಹಿಡಿದು ತೀರ್ಮಾನವಾಗುವ ಸಂಗತಿಗಳಲ್ಲ. ಒಂದೇ ಇಂಧನ ಒಂದು ಊರಿನಲ್ಲಿ ನ್ಯಾಯವಾಗಿ, ಇನ್ನೊಂದು ಊರಿನಲ್ಲಿ ಅನ್ಯಾಯವಾಗಿ ಬರಬಹುದು.

ಕಳೆದ ವರ್ಷ ಊರಿನ ಶಾಲೆಯಿಂದ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಬಾ ಎಂದು ಕರೆದಿದ್ದರು. ವಿಷಯ ‘ಪವನ ವಿದ್ಯುತ್: ವರವೋ ಶಾಪವೋ?’ ಹದಿನೈದು ವರ್ಷದಲ್ಲಿ ಇಂಧನ ಬದಲಾಗಿತ್ತು, ಪ್ರಶ್ನೆ ಹಾಗೆಯೇ ಇತ್ತು. ವಿಷಯ ಬದಲಿಸಬಹುದೇ ಎಂದು ಕೇಳಿದೆ. ಮೇಷ್ಟ್ರು, ಮಕ್ಕಳು ಆಗಲೇ ಬಾಯಿಪಾಠ ಮಾಡಿದ್ದಾರೆ ಎಂದರು. ಹಾಗಾಗಿ ಭಾಷಣಗಳು ಮುಗಿದ ಮೇಲೆ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ ಹಾಕಿದೆ: ಗುಡ್ಡದ ಮೇಲಿನ ಆ ಯಂತ್ರ ತಿರುಗಿದಾಗ ಹುಟ್ಟುವ ಕರೆಂಟು ಎಲ್ಲಿಗೆ ಹೋಗುತ್ತದೆ? ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಂಟನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. ‘ಎಲ್ಲಿಗೆ ಹೋಗ್ತದೋ ಗೊತ್ತಿಲ್ರಿ. ನಮ್ಮ ಹೊಲಕ್ಕ ಮಾತ್ರ ರಾತ್ರಿ ಬರ್ತದ’ ಎಂದ. ಬಹುಮಾನಕ್ಕೆ ಅವನ ಹೆಸರು ಪಟ್ಟಿಯಲ್ಲಿರಲಿಲ್ಲ. ಅವನು ಭಾಷಣ ಮಾಡಿರಲಿಲ್ಲ.